ಅಪ್‌ಡೇಟ್: ಕಾಫಿ ಕಂಪನಿಯ ಪರಿಚಯ ದಿನಕ್ಕೆ ಹೋಗಿ ಬಂದೆ

ಚಿಕ್ಕಮಗಳೂರಿನ ಕಾಫಿ ಸಂಸ್ಕರಣಾ ಕಂಪನಿಯೊಂದು ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಪರಿಚಯ ದಿನಕ್ಕೆ, ಅಂತಿಮ ವರ್ಷದ ಬಿ.ಕಾಂ. ವಿದ್ಯಾರ್ಥಿನಿಯಾದ ನಾನು ಹೋಗುವುದರಿಂದ ಪ್ರಯೋಜನವಿದೆಯೇ ಎಂದು ಕೇಳಿದ್ದೆ. ಹೋಗಿ, ಅಲ್ಲಿ ಕೆಲಸ ಮಾಡುವವರನ್ನೇ ಮಾತನಾಡಿಸಿ ಎಂದು ನಿಮ್ಮಲ್ಲಿ ಹಲವರು ಸಲಹೆ ನೀಡಿದ್ದಿರಿ. ಹಾಗೆಯೇ ಮಾಡಿದೆ, ಎಲ್ಲರಿಗೂ ಕೃತಜ್ಞತೆಗಳು.

ಬೆಳಗಿನ ಭಾಷಣಗಳಲ್ಲಿ ವಿಶೇಷವೇನೂ ಇರಲಿಲ್ಲ. ನಿಜವಾದ ಕಲಿಕೆ ಆರಂಭವಾದದ್ದು ಮಾದರಿ ಪರೀಕ್ಷಿಸುವ ಕೊಠಡಿಯಲ್ಲಿ. ಬೆಳೆಗಾರರೊಬ್ಬರು ತಂದಿದ್ದ ರೋಬಸ್ಟಾ ಚೆರಿಯನ್ನು (ಸಿಪ್ಪೆಸಹಿತ ಒಣಗಿಸಿದ ರೋಬಸ್ಟಾ ತಳಿಯ ಕಾಫಿ ಹಣ್ಣು) ತೂಗಿ, ತೇವಾಂಶ ನೋಡಿ, ಸಿಪ್ಪೆ ಬಿಡಿಸಿ, ಉಳಿದ ಬೀಜವನ್ನು ಮತ್ತೆ ತೂಗಿದ ಹಿರಿಯ ಸಿಬ್ಬಂದಿಯೊಬ್ಬರು, 50 ಕೆ.ಜಿ. ಚೀಲಕ್ಕೆ ಎಷ್ಟು ಬೀಜ ದೊರೆಯುತ್ತದೆ ಎಂಬ ಔಟ್‌ಟರ್ನ್ ಲೆಕ್ಕದ ಮೇಲೆಯೇ ಬೆಳೆಗಾರರಿಗೆ ಸಿಗುವ ದರ ನಿಂತಿದೆ ಎಂದು ವಿವರಿಸಿದರು. ಅದು 26 ಕೆ.ಜಿ.ಯೋ 27 ಕೆ.ಜಿ.ಯೋ ಎಂಬ ಸಣ್ಣ ಅಂತರ ನೂರಾರು ಚೀಲಗಳಿಗೆ ಹಬ್ಬಿದಾಗ ಎಷ್ಟು ದೊಡ್ಡ ಮೊತ್ತವಾಗುತ್ತದೆ ಎಂಬುದು, ತೋಟದ ಮನೆಯಲ್ಲೇ ಬೆಳೆದ ನನಗೂ ಅಲ್ಲಿಯೇ ಸ್ಪಷ್ಟವಾಯಿತು.

ಬಿ.ಕಾಂ. ಓದಿದವರಿಗೆ ಇಲ್ಲಿ ಏನು ಕೆಲಸವಿದೆ ಎಂದು ಅವರನ್ನೇ ಕೇಳಿದೆ. ಖರೀದಿ, ದಾಸ್ತಾನು ಮತ್ತು ರಫ್ತು ದಾಖಲೆಗಳ ವಿಭಾಗಗಳಲ್ಲಿ ಅವಕಾಶವಿದೆ, ಆದರೆ ಕೊಯ್ಲಿನ ತಿಂಗಳುಗಳಲ್ಲಿ ಹೊತ್ತು ಗೊತ್ತಿಲ್ಲದೆ ದುಡಿಯಬೇಕಾಗುತ್ತದೆ ಎಂದರು. ಮುಚ್ಚುಮರೆಯಿಲ್ಲದ ಈ ಉತ್ತರ ನನಗೆ ಬಹಳ ಹಿಡಿಸಿತು. ಖರೀದಿ ವಿಭಾಗದ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಿದ್ದೇನೆ.