ಫೋಟೋ ತೆಗೆದಿರಿ, ಪ್ಲಗ್ ತೆಗೆದಿರಾ?

"ಪಿಸ್ಟನ್ ರಿಂಗ್ ಹೋಗಿದೆ. ಇಂಜಿನ್ ಬಿಚ್ಚಲೇಬೇಕು," ಎಂದರು ಗೌಡ್ರು. ಇನ್ನೂ ಬಾನೆಟ್ಟೇ ಎತ್ತಿರಲಿಲ್ಲ.

"ಕಾಯಿಲ್ ಇರಬೇಕು," ಎಂದ ರಫೀಕ್, ಫೋನಿನಿಂದ ತಲೆ ಎತ್ತದೆ. "ಇಲ್ಲೊಬ್ಬ ಕಾಯಿಲ್ ಬದಲಾಯಿಸಿದ ಕೂಡಲೇ ಸರಿಹೋಯಿತು."

"ಅವನದು ಯಾವ ಗಾಡಿ?" ಮಾಸ್ತರು ಕೇಳಿದರು.

"ದೋಣಿ ಅನ್ನಿಸುತ್ತೆ, ಮಾಸ್ತರೇ."

ಸಿದ್ದುವಿನ ಹಳೇ ಪದ್ಮಿನಿ ಕಾರು ಅಂಗಳದಲ್ಲಿ ನಿಂತಿತ್ತು. ಹೊಸ ಕೆನೆಬಣ್ಣ, ಮುಖ ಕಾಣುವಷ್ಟು ಹೊಳಪಿನ ಬಂಪರ್, ಮುಂದೊಂದು ಪ್ಲಾಸ್ಟಿಕ್ ಹಾರ. ಸಿದ್ದು ಮಾತ್ರ ಬಾಡಿದ್ದ. "ನಾಳೆ ಕೋಟೆ ಹತ್ತಿರ ಪ್ರೀ-ವೆಡ್ಡಿಂಗ್ ಶೂಟ್ ಇದೆ ಮಾಸ್ತರೇ. ವಿಂಟೇಜ್ ಕಾರೇ ಬೇಕಂತೆ. ಇದು ನೋಡಿದರೆ ಸ್ಟಾರ್ಟ್ ಆಗಿ ಕೆಮ್ಮುತ್ತೆ, ಗೇರ್ ಹಾಕಿದರೆ ನಿಲ್ಲುತ್ತೆ."

"ಊರಿನ ಅರ್ಧ ಮದುವೆ ಆಲ್ಬಂಗಳಲ್ಲಿ ನಿನ್ನ ಕಾರಿದೆ. ಒಂದು ಮದುವೆಗಾದರೂ ಹೋಗಿ ಮುಟ್ಟಿದೆಯಾ?"

"ಕೋಟೆವರೆಗೂ ಹೋಗಿತ್ತಲ್ಲ."

"ವಾಪಸ್ ಬಂದಿದ್ದು?"

"ತಳ್ಳಿಕೊಂಡು."

"ಇಷ್ಟು ಫೋಟೋ ತೆಗೆಸಿದೀಯ. ಒಂದು ಸಲ ಕಿಡಿ ಹಾರಿಸೋ ಪ್ಲಗ್ ತೆಗೆದು ನೋಡಿದೀಯಾ?"

"ನೋಡೋದೇನು ರೀ, ಹೊಸಾವೇ ಹಾಕಿಸಿದೀನಿ. ಇರಿಡಿಯಂ! ಗ್ಯಾರೇಜಿನ ಹುಡುಗ ಸ್ಟೇರಿಂಗ್ ಕೆಳಗೆ ಮಲಗಿ ಸ್ಕ್ಯಾನರ್ ಚುಚ್ಚೋ ಜಾಗ ಎಷ್ಟು ಹೊತ್ತು ಹುಡುಕಿದ ಗೊತ್ತಾ?"

"ಈ ಗಾಡಿಗೆ ಕಂಪ್ಯೂಟರ್ ಅಂದರೆ ಓಡಿಸುವವನ ಕಿವಿ. ಕೊನೆಗೆ ಏನು ಸಿಕ್ಕಿತು ಅವನಿಗೆ?"

"ಚೋಕ್ ಗುಂಡಿ ಸಿಕ್ಕಿತು. ಎಳೆದು ನೋಡಿದ."

ಮಾಸ್ತರು ಏನೂ ಹೇಳದೆ ಪ್ಲಗ್ ಪಾನಾ ಕೈಗೆ ತೆಗೆದುಕೊಂಡರು. ವೈರುಗಳಿಗೆ ಮೊದಲು ಸೀಮೆಸುಣ್ಣದಲ್ಲಿ ನಂಬರ್ ಹಾಕಿದರು. ಕಿಡಿ 1-3-4-2 ಹೀಗೆ ಬರಬೇಕು, ಅದಲು ಬದಲಾದರೆ ಆಮೇಲೆ ಇನ್ನೊಂದು ಪಂಚಾಯಿತಿ. ನಾಲ್ಕೂ ಪ್ಲಗ್ ಬಿಚ್ಚಿ ಶಹಾಬಾದ್ ಫರಸಿ ಮೇಲೆ ಸಾಲಾಗಿ ಇಟ್ಟರು. ನಾಲ್ಕೂ ಒಂದೇ ಸಮ ಕಪ್ಪು. ಒಂದನ್ನು ಒರೆಸಿದರೆ ಬೆರಳಿಗೆ ಒಣ ಮಸಿ ಹತ್ತಿತು, ಜಿಡ್ಡಿಲ್ಲ.

"ರಿಂಗ್ ಹೋಗಿದ್ದರೆ ಆಯಿಲ್ ಮೇಲೆ ಬಂದು ಪ್ಲಗ್ ಒದ್ದೆ ಆಗಿರೋದು, ಗೌಡ್ರೇ. ಅದೂ ಸಾಮಾನ್ಯವಾಗಿ ಒಂದೋ ಎರಡೋ. ಇಲ್ಲಿ ನಾಲ್ಕಕ್ಕೂ ಒಣ ಮಸಿ. ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ."

ಗೌಡ್ರಿಗೆ ಬೇಜಾರಾಯಿತು. "ಬಿಚ್ಚೋದು ಬೇಡವಾ ಹಾಗಾದರೆ?"

"ಪ್ಲಗ್ಗಿನ ತುದಿ 450-500 ಡಿಗ್ರಿ ಕಾದರೆ ಮಸಿ ತಾನೇ ಸುಟ್ಟು ಹೋಗುತ್ತೆ. ಇವನು ಗಾಳಿ ತಡೆಯೋ ಚೋಕ್ ಎಳೆದು ಸ್ಟಾರ್ಟ್ ಮಾಡ್ತಾನೆ. ಹುಡುಗಿ ಸೆರಗು ಸರಿ ಮಾಡಿಕೊಳ್ಳೋವರೆಗೂ ಐಡ್ಲಿಂಗ್. ಫೋಟೋ ಆಯ್ತು, ಆಫ್. ಮಸಿ ಕೂರದೆ ಏನು ಮಾಡೀತು? ಮಸಿಯಲ್ಲಿ ಕರೆಂಟ್ ಹರಿಯುತ್ತೆ. ಕಿಡಿ ಹಾರೋ ಬದಲು ಅದೇ ದಾರಿ ಹಿಡಿದು ಇಂಜಿನ್ನಿನ ಮೈಗೆ ಇಳಿದು ಹೋಗುತ್ತೆ."

"ಅದಕ್ಕೇ ದೊಡ್ಡ ನಂಬರಿಂದು ತಂದೆ," ಎಂದ ಸಿದ್ದು. "ನಂಬರ್ ಏರಿದಷ್ಟೂ ಪ್ಲಗ್ ಬಿಸಿ ಅಂತ ವಿಡಿಯೋದಲ್ಲಿತ್ತು."

"ಹಳೇ ಮೈಕೋ, ಈಗಿನ ಬಾಷ್ ಪ್ಲಗ್ಗಿಗೆ ಅದು ಖರೆ. ನೀನು ತಂದಿರೋದು ಎನ್‌ಜಿಕೆ ಕಂಪನಿಯದು. ಅದರ ಲೆಕ್ಕ ಉಲ್ಟಾ, ನಂಬರ್ ಏರಿದಷ್ಟೂ ತಣ್ಣಗೆ. ಕಲಬುರಗಿ ಬಿಸಿಲಲ್ಲಿ ತಣ್ಣಗೆ ಕೂತಿರೋದು ಅಂದರೆ ನಿನ್ನ ಈ ನಾಲ್ಕು ಪ್ಲಗ್ಗೇ ನೋಡಪ್ಪ."

ಚಹಾ ಬಂತು. ಗೌಡ್ರು ಬಸಿಗೆ ಸುರಿದುಕೊಂಡರು.

"ನಮ್ಮಪ್ಪನ ಕಾರಲ್ಲಿ ಒಂದು ಮೈಕೋ ಪ್ಲಗ್ ಬಟ್ಟೆಯಲ್ಲಿ ಸುತ್ತಿಟ್ಟಿರ್ತಿತ್ತು. ಗಾಣಗಾಪುರಕ್ಕೆ ಏಳು ಜನ, ಡಿಕ್ಕಿಯಲ್ಲಿ ಬುತ್ತಿ. ಒಂದು ಸಲ ದಾರಿಯಲ್ಲಿ ನಿಂತುಬಿಟ್ಟಿತು. ಅಪ್ಪ ಬೇವಿನ ಮರದ ಕೆಳಗೆ ಪ್ಲಗ್ ಉಜ್ಜುತ್ತಾ ಕೂತರು. ಪಕ್ಕದ ಹೊಲದವರು ಕರೆದು ಮಜ್ಜಿಗೆ ಕೊಟ್ಟರು. ಅವರ ಮಗನಿಗೇ ನಮ್ಮ ಅಕ್ಕನ್ನ ಕೊಟ್ಟಿದ್ದು."

"ನೋಡಿದೆಯಾ ಸಿದ್ದು, ಆ ಕಾರು ಮದುವೆ ಮಾಡಿಸಿತ್ತು. ನಿನ್ನದು ಬರೀ ಫೋಟೋ ತೆಗೆಸಿಕೊಳ್ಳುತ್ತೆ."

"ಆ ಕಾರಿನ ಫೋಟೋ ಇದೆಯಾ, ಗೌಡ್ರೇ?" ರಫೀಕ್ ಕೇಳಿದ.

"ಒಂದೂ ಇಲ್ಲ. ಅದರಲ್ಲಿ ಓಡಾಡೋದೇ ಆಯ್ತು, ತೆಗೆಯೋರು ಯಾರು? ತೊಗರಿ ಕೈಕೊಟ್ಟ ವರ್ಷ ಅಪ್ಪ ಮಾರಿಬಿಟ್ಟರು." ಬಸಿಯಲ್ಲಿದ್ದ ಚಹಾ ಹಾಗೇ ಇತ್ತು. "ಈಗ ಅಪ್ಪನೂ ಇಲ್ಲ. ಹಾರ್ನ್ ಹೇಗಿತ್ತು ಅಂತ ಅಕ್ಕನಿಗೆ ಮಾತ್ರ ನೆನಪಿದೆ, ಹಬ್ಬಕ್ಕೆ ಬಂದರೆ ಬಾಯಲ್ಲೇ ಊದಿ ತೋರಿಸ್ತಾಳೆ."

ಯಾರೂ ನಗಲಿಲ್ಲ. ಆಮೇಲೆ ಗೌಡ್ರೇ ಒಮ್ಮೆ ಊದಿ ತೋರಿಸಿದರು, ಎಲ್ಲರೂ ನಕ್ಕರು.

ಹಳೇ ಪ್ಲಗ್ಗುಗಳು ಡ್ಯಾಶ್‌ಬೋರ್ಡಿನಲ್ಲೇ ಬಿದ್ದಿದ್ದವು. ಪೆಟ್ರೋಲ್ ಹಾಕಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದ್ದಾಯಿತು. ರಫೀಕ್ ತಂತಿ ಬ್ರಷ್ ತಂದರೆ ಮಾಸ್ತರು ಬೈದರು, ಅದರ ಲೋಹ ಪಿಂಗಾಣಿಗೆ ಹತ್ತಿದರೆ ಮತ್ತೆ ಕರೆಂಟಿಗೆ ಕಳ್ಳದಾರಿ. ಕಿಡಿ ಹಾರುವ ಗ್ಯಾಪ್ 0.6 ಮಿಲಿಮೀಟರ್ ಇಟ್ಟರು. ಚೋಕ್ ಕೇಬಲ್ ಅರ್ಧಕ್ಕೇ ಸಿಕ್ಕಿಕೊಂಡಿತ್ತು, ಹುಡುಗ ಎಳೆದಲ್ಲೇ. ಎರಡು ಹನಿ ಎಣ್ಣೆ ಬಿಟ್ಟ ಮೇಲೆ ವಾಪಸ್ ಹೋಯಿತು.

ಇಂಜಿನ್ ಕೆಮ್ಮದೆ ಹಿಡಿಯಿತು. ಸಿದ್ದು ಆಫ್ ಮಾಡಲು ಕೈ ಚಾಚಿದ.

"ಮುಟ್ಟಬೇಡ!" ಎಂದರು ಮಾಸ್ತರು. "ಚೆನ್ನಾಗಿ ಕಾಯೋವರೆಗೂ ಓಡಿಸಬೇಕು."

"ಎಲ್ಲಿಗೆ?"

ಗೌಡ್ರು ಆಗಲೇ ಮುಂದಿನ ಸೀಟಲ್ಲಿ ಕೂತಿದ್ದರು. "ಗಾಣಗಾಪುರ."

"ಪೆಟ್ರೋಲ್ ಯಾರದು?" ಅಂತ ಸಿದ್ದು ಕೇಳುವಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. "ಫೋಟೋದವರು! ಕಾರು ಒಮ್ಮೆ ನೋಡಿ ಹೋಗಲಿಕ್ಕೆ ಬರ್ತಾರಂತೆ. ಏನು ಹೇಳಲಿ?"

"ಕಾರು ಊರಲ್ಲಿಲ್ಲ ಅನ್ನು," ಎಂದು ಮಾಸ್ತರು ಹಿಂದಿನ ಬಾಗಿಲು ಎಳೆದುಕೊಂಡರು.