ಬರ್ಲಿನ್‌ನ ರೈಖ್‌ಸ್ಟಾಗ್: ಗಾಜಿನ ಗುಮ್ಮಟವನ್ನಷ್ಟೇ ನೋಡಿದರೆ ಸಾಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬರುವ ಅಕ್ಟೋಬರ್‌ನಲ್ಲಿ ತಾಯಿಯವರೊಂದಿಗೆ ಬರ್ಲಿನ್‌ಗೆ ಹೋಗುವವನಿದ್ದೇನೆ. ಅವರು ಬಹಳ ವರ್ಷ ಇತಿಹಾಸ ಪಾಠ ಮಾಡಿದವರು. ಜರ್ಮನಿಯ ಸಂಸತ್ತು ಸೇರುವ ರೈಖ್‌ಸ್ಟಾಗ್ ಕಟ್ಟಡವನ್ನು ಕಣ್ಣಾರೆ ನೋಡಬೇಕೆಂಬುದು ಅವರ ಬಹುದಿನದ ಆಸೆ. ಆದರೆ ಮಂಡಿನೋವಿನಿಂದಾಗಿ ಮೆಟ್ಟಿಲು ಹತ್ತುವುದು ಅವರಿಗೆ ಕಷ್ಟ. ಮಾಳಿಗೆಯ ಮೇಲಿನ ಗುಮ್ಮಟಕ್ಕೆ ಹೋಗುವ ವ್ಯವಸ್ಥೆ ಹೇಗಿದೆ, ಹಗಲು ಹೋಗುವುದು ಒಳ್ಳೆಯದೋ ಸಂಜೆಯೋ, ಗುಮ್ಮಟವನ್ನು ನೋಡಿ ಬಂದರೆ ಕಟ್ಟಡವನ್ನೇ ನೋಡಿದಂತಾಗುತ್ತದೆಯೇ ಎಂಬುದನ್ನು ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಪ್ರವೇಶಕ್ಕೆ ಶುಲ್ಕವಿಲ್ಲ, ಆದರೆ ಮುಂಚಿತವಾಗಿ ಹೆಸರು ನೋಂದಾಯಿಸಿಕೊಳ್ಳಬೇಕು. ಜರ್ಮನಿಯ ಸಂಸತ್ತಾದ ಬುಂಡೆಸ್ಟಾಗ್‌ನ ಜಾಲತಾಣದಲ್ಲಿ ದಿನ ಮತ್ತು ಸಮಯವನ್ನು ಆರಿಸಿ, ಇಬ್ಬರ ಹೆಸರು ಹಾಗೂ ಹುಟ್ಟಿದ ದಿನಾಂಕವನ್ನು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ತುಂಬಿ; ಒಪ್ಪಿಗೆಯ ಪತ್ರ ಇಮೇಲ್‌ಗೆ ಬರುತ್ತದೆ. ಹೋಗುವಾಗ ಆ ಪತ್ರದೊಂದಿಗೆ ಮೂಲ ಪಾಸ್‌ಪೋರ್ಟ್ ಇರಲೇಬೇಕು. ವಿಮಾನ ನಿಲ್ದಾಣದಲ್ಲಿರುವಂಥದ್ದೇ ತಪಾಸಣೆ ಇರುವುದರಿಂದ ಸ್ವಲ್ಪ ಬೇಗನೆ ಹೋಗಿರಿ. ಯು5 ಮೆಟ್ರೊ ಮಾರ್ಗದ ಬುಂಡೆಸ್ಟಾಗ್ ನಿಲ್ದಾಣ ಹತ್ತಿರದಲ್ಲೇ ಇದೆ.

ಮೆಟ್ಟಿಲಿನ ಚಿಂತೆ ಬೇಡ. ಮಾಳಿಗೆಯವರೆಗೆ ಲಿಫ್ಟ್ ಇದೆ. ಗುಮ್ಮಟದೊಳಗೆ ಒಂದನ್ನೊಂದು ಸುತ್ತಿಕೊಂಡು ಸಾಗುವ ಎರಡು ಇಳಿಜಾರು ಹಾದಿಗಳಿವೆ. ಒಂದು ಹತ್ತುವವರಿಗೆ, ಇನ್ನೊಂದು ಇಳಿಯುವವರಿಗೆ. ಒಂದೊಂದೂ ಸುಮಾರು 230 ಮೀಟರ್ ಉದ್ದವಿರುವುದರಿಂದ ಏರು ಕಡಿದಲ್ಲದಿದ್ದರೂ ನಡಿಗೆ ಮಾತ್ರ ಸಾಕಷ್ಟಾಗುತ್ತದೆ. ಬಾಗಿಲ ಬಳಿ ಉಚಿತವಾಗಿ ಕೊಡುವ ಧ್ವನಿ ಮಾರ್ಗದರ್ಶಿಯು ನೀವು ಎಲ್ಲಿದ್ದೀರಿ ಎಂಬುದನ್ನು ತಾನೇ ಗುರುತಿಸಿ ಆಯಾ ಜಾಗದ ವಿವರಣೆ ಕೊಡುತ್ತದೆ. ಹಾಗಾಗಿ ತಾಯಿಯವರು ನಿಂತು ನಿಂತು ಸಾವಕಾಶವಾಗಿ ಹತ್ತಬಹುದು. ನನ್ನ ಮಟ್ಟಿಗೆ ಸಂಜೆಯೇ ಸೊಗಸು. ಪಕ್ಕದ ಟೀರ್‌ಗಾರ್ಟನ್ ಉದ್ಯಾನದ ಮರಗಳ ಮೇಲೆ ಬಿಸಿಲು ಇಳಿದು, ಬ್ರಾಂಡೆನ್‌ಬುರ್ಗ್ ದ್ವಾರದ ಸುತ್ತ ದೀಪಗಳು ಹೊತ್ತಿಕೊಳ್ಳುವುದನ್ನು ಮೇಲಿನಿಂದ ನೋಡಬೇಕು.

ಎರಡನೆಯ ಉತ್ತರ

ಸಂಜೆಯ ನೋಟ ಚೆಂದ ಎನ್ನುವುದನ್ನು ಒಪ್ಪುತ್ತೇನೆ. ಆದರೂ ಈ ಗುಮ್ಮಟದ ಅರ್ಥ ತಿಳಿಯುವುದು ಹಗಲಿನಲ್ಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಳಗೆ ಕಾಲಿಟ್ಟವರೆಲ್ಲ ಗಾಜಿನಾಚೆಯ ನಗರದತ್ತಲೇ ತಿರುಗುತ್ತಾರೆ. ನೀವು ಮೊದಲು ಕೆಳಗೆ ನೋಡಿ. ಗುಮ್ಮಟದ ನಡುವೆ, ಕಿರಿದಾದ ತುದಿ ಕೆಳಮುಖವಾಗಿರುವ ಶಂಕುವಿನ ಮೈತುಂಬ 360 ಕನ್ನಡಿಗಳಿವೆ. ಹೊರಗಿನ ಬೆಳಕನ್ನು ಅವು ಕೆಳಗಿನ ಸಭಾಂಗಣಕ್ಕೆ ಇಳಿಸುತ್ತವೆ; ಸಭಾಂಗಣದ ಬಿಸಿಗಾಳಿ ಅದೇ ಶಂಕುವಿನ ಒಳಗಿನಿಂದ ಮೇಲೇರಿ ಹೊರಗೆ ಹೋಗುತ್ತದೆ. ನೇರ ಬಿಸಿಲು ಸದಸ್ಯರ ಕಣ್ಣಿಗೆ ಬೀಳದಂತೆ ತಡೆಯುವ ದೊಡ್ಡ ಮರೆಯೊಂದು ಸೂರ್ಯನ ದಿಕ್ಕನ್ನು ಅನುಸರಿಸಿ ಶಂಕುವಿನ ಸುತ್ತ ನಿಧಾನವಾಗಿ ಚಲಿಸುತ್ತಿರುತ್ತದೆ. ಇದನ್ನೆಲ್ಲ ನೋಡಲು ಬಿಸಿಲು ಬೇಕು. ಶಂಕುವಿನ ಬುಡದ ಸುತ್ತಲಿನ ಗಾಜಿನ ಮೂಲಕ ಇಣುಕಿದರೆ ಸಭಾಂಗಣ ಕಾಣುತ್ತದೆ. ಆರಿಸಿದ ಜನ ಮೇಲೆ, ಆರಿಸಿ ಬಂದವರು ಕೆಳಗೆ ಎಂಬ ಈ ಏರ್ಪಾಡು ಬೇಕೆಂದೇ ಮಾಡಿದ್ದು.

ಇತಿಹಾಸ ಬಲ್ಲ ತಾಯಿಯವರಿಗೆ ಗೊತ್ತಿರಬಹುದು, ಇಲ್ಲಿ ಮೊದಲಿದ್ದ ಗುಮ್ಮಟವೇ ಬೇರೆ. ಪೌಲ್ ವಾಲೋಟ್ ರೂಪಿಸಿದ ಈ ಕಟ್ಟಡ 1894ರಲ್ಲಿ ಪೂರ್ಣಗೊಂಡಾಗಲೂ ಉಕ್ಕು ಮತ್ತು ಗಾಜಿನ ಗುಮ್ಮಟವಿತ್ತು. 1933ರ ಫೆಬ್ರವರಿ 27ರ ರಾತ್ರಿ ಕಟ್ಟಡಕ್ಕೆ ಬೆಂಕಿ ಬಿತ್ತು. ಅದನ್ನೇ ನೆಪ ಮಾಡಿಕೊಂಡು ನಾಜಿಗಳು ಮರುದಿನವೇ ನಾಗರಿಕರ ಮೂಲಭೂತ ಹಕ್ಕುಗಳನ್ನು ಕಿತ್ತುಕೊಂಡರು. ಯುದ್ಧದ ನಂತರ ಪಾಳುಬಿದ್ದ ಹಳೆಯ ಗುಮ್ಮಟದ ಅವಶೇಷವನ್ನು 1954ರಲ್ಲಿ ಉರುಳಿಸಲಾಯಿತು. 1961ರಿಂದ ಬರ್ಲಿನ್ ಗೋಡೆ ಈ ಕಟ್ಟಡದ ಬೆನ್ನಿಗೇ ಹಾದುಹೋಗಿತ್ತು. ಜರ್ಮನಿ ಒಂದಾದ ಮೇಲೆ ಕಟ್ಟಡವನ್ನು ಸಂಸತ್ತಿಗೆ ಸಜ್ಜುಗೊಳಿಸುವ ಕೆಲಸ ಬ್ರಿಟಿಷ್ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರಿಗೆ ದೊರೆಯಿತು. ಅವರ ಮೊದಲ ನಕ್ಷೆಯಲ್ಲಿ ಗುಮ್ಮಟವೇ ಇರಲಿಲ್ಲ. ಗುಮ್ಮಟ ಬೇಕೆಂಬ ಒತ್ತಾಯ ಬಂದಾಗ ಹಳೆಯದರ ನಕಲನ್ನು ಕೂರಿಸುವ ಬದಲು ಅವರು ಇದನ್ನು ಕಲ್ಪಿಸಿದರು. 1999ರ ಏಪ್ರಿಲ್‌ನಲ್ಲಿ ಬುಂಡೆಸ್ಟಾಗ್ ಇಲ್ಲಿ ಸಭೆ ಸೇರಿತು.

ಮೂರನೆಯ ಉತ್ತರ

ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಸಾಲದು. ಗುಮ್ಮಟದ ನೋಂದಣಿಯಿಂದ ಕಟ್ಟಡದ ಒಳಭಾಗ ಕಾಣಸಿಗುವುದಿಲ್ಲ. ಅದಕ್ಕೆ ಮಾರ್ಗದರ್ಶಕರೊಂದಿಗೆ ಹೋಗುವ ಭೇಟಿಯನ್ನು ಪ್ರತ್ಯೇಕವಾಗಿ ಕೋರಬೇಕು. ಅದಕ್ಕೂ ಹಣ ಕೊಡಬೇಕಾಗಿಲ್ಲ. ಒಳಗಿನ ಗೋಡೆಗಳ ಮೇಲೆ 1945ರಲ್ಲಿ ಸೋವಿಯತ್ ಸೈನಿಕರು ಇದ್ದಿಲಿನಿಂದಲೂ ಬಣ್ಣದ ಸೀಮೆಸುಣ್ಣದಿಂದಲೂ ಗೀಚಿದ ಬರಹಗಳು ಉಳಿದಿವೆ. ಹೆಚ್ಚಿನವು ತಮ್ಮ ಹೆಸರು, ಊರು, ಇಲ್ಲಿಯವರೆಗೆ ನಡೆದು ಬಂದ ದಾರಿ, ಇಷ್ಟೇ. ಸೋಲಿನ ಈ ಗುರುತುಗಳನ್ನು ಅಳಿಸದೆ ತಮ್ಮ ಸಂಸತ್ತಿನ ಗೋಡೆಯ ಮೇಲೆಯೇ ಉಳಿಸಿಕೊಂಡ ಆ ದೇಶದ ನಿರ್ಧಾರವನ್ನು ನಾನು ಬಹಳ ಗೌರವಿಸುತ್ತೇನೆ.

ಕಟ್ಟಡದ ಮುಂದೆ, ನಾಜಿ ಆಳ್ವಿಕೆಗೆ ಬಲಿಯಾದ 96 ಸಂಸದರ ಸ್ಮಾರಕವಿದೆ. ಎರಕದ ಕಬ್ಬಿಣದ ಫಲಕಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಅಂಚಿನ ಮೇಲೆ ಒಬ್ಬೊಬ್ಬರ ಹೆಸರು ಮತ್ತು ಅವರು ಸತ್ತ ಸ್ಥಳವನ್ನು ಬರೆದಿದ್ದಾರೆ. ಬಗ್ಗಿ ನೋಡದಿದ್ದರೆ ಕಣ್ಣಿಗೆ ಬೀಳದು. ಅನೇಕರು ಪಕ್ಕದಲ್ಲೇ ಹಾದುಹೋಗುತ್ತಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಳಗಿನ ಬರಹಗಳ ವಿಷಯ ಓದಿ ಹೇಳಿದಾಗ ಅಮ್ಮ ಅದನ್ನು ಬಿಡುವಂತೆಯೇ ಇಲ್ಲ ಎಂದರು. ಒಳಾಂಗಣದ ಭೇಟಿಯನ್ನು ಮಧ್ಯಾಹ್ನಕ್ಕೆ ಕೋರಿ, ಅದು ಮುಗಿದ ಮೇಲೆ ಬಿಸಿಲಿರುವಾಗಲೇ ಗುಮ್ಮಟಕ್ಕೆ ಹೋಗಿ ಸಂಜೆಯವರೆಗೆ ಅಲ್ಲಿರಬಹುದೇ?

ಮೊದಲ ಉತ್ತರ ಕೊಟ್ಟವರು

ಖಂಡಿತ. ಒಳಾಂಗಣ ತೋರಿಸಿದ ಮೇಲೆ ಸಾಮಾನ್ಯವಾಗಿ ಗುಮ್ಮಟಕ್ಕೂ ಬಿಡುತ್ತಾರೆ. ಅಕ್ಟೋಬರ್ ಮಧ್ಯದಲ್ಲಿ ಅಲ್ಲಿ ಸಂಜೆ ಆರೂಕಾಲರ ಸುಮಾರಿಗೆ ಸೂರ್ಯ ಮುಳುಗುವುದರಿಂದ ಬಿಸಿಲನ್ನೂ ದೀಪಗಳನ್ನೂ ಒಂದೇ ದಿನ ನೋಡಬಹುದು. ಆದರೆ ಶುಚಿಗೊಳಿಸುವ ಮತ್ತು ದುರಸ್ತಿ ಕೆಲಸಕ್ಕಾಗಿ ಗುಮ್ಮಟವನ್ನು ಕೆಲವು ದಿನ ಮುಚ್ಚುತ್ತಾರೆ. ವಿಮಾನದ ಟಿಕೆಟ್ ಕಾಯ್ದಿರಿಸುವ ಮೊದಲೇ ಆ ದಿನಾಂಕಗಳನ್ನು ಜಾಲತಾಣದಲ್ಲಿ ನೋಡಿಕೊಳ್ಳಿ. ಗುಮ್ಮಟದ ಮೇಲ್ತುದಿ ತೆರೆದಿರುವುದರಿಂದ ಒಳಗೂ ಚಳಿ ಇರುತ್ತದೆ, ತಾಯಿಯವರಿಗೆ ದಪ್ಪನೆಯ ಸ್ವೆಟರ್ ಇಟ್ಟುಕೊಳ್ಳಿ.