ಅಪ್ಪಯ್ಯನ ಆಟದ ಟೇಪು ಟಿವಿಯಲ್ಲಿ ಬರ್ಬೇಕು: ಮನೆಯಲ್ಲೇ ಸರ್ವರ್ ಇಡೋದು ಹೆಂಗೆ?

ತುಂಗೆದಂಡೆ ಕೇಳಿದ್ದು:

ನಮ್ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರಿಯಲ್ಲಿ. ಅಪ್ಪಯ್ಯ 2003ರಿಂದ ಐದಾರು ವರ್ಷ ಸುತ್ತಮುತ್ತ ಎಲ್ಲೇ ಯಕ್ಷಗಾನ ಬಯಲಾಟ ಆದ್ರೂ ಹ್ಯಾಂಡಿಕ್ಯಾಮ್ ಹೆಗಲಿಗೆ ಹಾಕ್ಕೊಂಡು ಹೊರಡೋರು. ಬೆಳಗಿನ ಜಾವದವರೆಗೆ ಕೂತು ರೆಕಾರ್ಡ್ ಮಾಡೋದು, ಬ್ಯಾಟರಿ ಮುಗಿದ್ರೆ ವೇಷ ಕಟ್ಟೋ ಚೌಕಿಯಲ್ಲೇ ಚಾರ್ಜಿಗೆ ಹಾಕೋದು. ಒಂದು ಆಟಕ್ಕೆ ಏಳೆಂಟು ಟೇಪು. ಹಾಗೆ ಸೇರಿದ 38 ಮಿನಿಡಿವಿ ಟೇಪನ್ನ ಹೋದ ವರ್ಷ ಶಿವಮೊಗ್ಗದ ಸ್ಟುಡಿಯೋ ಒಂದರಲ್ಲಿ ಕಂಪ್ಯೂಟರಿಗೆ ಇಳಿಸಿ ಕೊಟ್ರು. ಗಂಟೆಗೆ 13 ಜಿಬಿ, ಎಲ್ಲ ಸೇರಿ 500 ಜಿಬಿ ಹತ್ತಿರ.

ಈಗ ಅದೆಲ್ಲ 2 ಟಿಬಿಯ ಒಂದು ಯುಎಸ್‌ಬಿ ಹಾರ್ಡ್‌ಡಿಸ್ಕಲ್ಲಿ ಇದೆ. ಟಿವಿ ಹಿಂದೆ ಚುಚ್ಚಿದ್ರೆ ಫೈಲಿನ ಹೆಸರು ಕಾಣ್ತದೆ, ಒತ್ತಿದ್ರೆ ಓಡಲ್ಲ. ಲ್ಯಾಪ್‌ಟಾಪಲ್ಲಿ ನೋಡಿ ಅಂದ್ರೆ, "ಆಟವನ್ನ ಅಷ್ಟು ಸಣ್ಣ ಪರದೆಯಲ್ಲಿ ಎಂತ ನೋಡೋದು" ಅಂತಾರೆ. ಕಳೆದ ಆರಿದ್ರಾ ಮಳೆಯಲ್ಲಿ ಕಾಪಿ ಆಗ್ತಿದ್ದಾಗಲೇ ಕರೆಂಟು ಹೋಗಿ, ಡಿಸ್ಕ್ ಪೂರ್ತಿ ಖಾಲಿ ಅಂತ ತೋರಿಸ್ತು. ರಿಪೇರಿ ಮಾಡಿದ್ಮೇಲೆ ಎರಡು ಫೈಲ್ ಬಿಟ್ಟು ಬಾಕಿದೆಲ್ಲ ಸಿಕ್ತು. ಆ ಎರಡು ಟೇಪಿಗೆ ಈಗ ಬೂಷ್ಟು ಬಂದಿದೆ.

ನನ್ನ ಹತ್ರ ಹಳೇ ಡೆಸ್ಕ್‌ಟಾಪ್ ಇದೆ, ನಾಲ್ಕನೇ ತಲೆಮಾರಿನ ಐ3. ಅದನ್ನೇ ಸರ್ವರ್ ಮಾಡ್ಲಾ, ಎರಡು ಡಿಸ್ಕಿನ ರೆಡಿಮೇಡ್ ಪೆಟ್ಟಿಗೆ ತಗೊಳ್ಳಲಾ, ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಸಾಕಾ? ರೇಡ್ (ಒಂದು ಡಿಸ್ಕ್ ಹಾಳಾದ್ರೂ ಫೈಲ್ ಉಳಿಯೋ ಹಾಗೆ ಹಲವು ಡಿಸ್ಕ್ ಜೋಡಿಸೋದು) ಬೇಕೇ ಬೇಕು ಅಂತ ಒಬ್ರು ಹೇಳಿದ್ರು. ಬೆಂಗಳೂರಲ್ಲಿರೋ ತಂಗಿಗೂ ಕಾಣಬೇಕು. ಮನೆ ಹಳೇದು, ಗೋಡೆ ಜಂಬಿಟ್ಟಿಗೆ ಕಲ್ಲಿಂದು, ರೂಟರ್ ಉಪ್ಪರಿಗೆಯಲ್ಲಿ, ಟಿವಿ ಜಗಲಿಯಲ್ಲಿ. ಇನ್ವರ್ಟರ್ ಇದೆ. ಒಟ್ಟು 25,000 ಒಳಗೆ ಮುಗಿಸ್ಬೇಕು.

ಸಾಗರದ_ಸಾಂಬಾ:

ಪೆಟ್ಟಿಗೆ ವಿಚಾರ ಆಮೇಲೆ. ಮೊದಲು ಫೈಲ್ ನೋಡಿ. ನಿಮ್ಮದು ಡಿವಿ ಫಾರ್ಮ್ಯಾಟು, 720×576, ಸೆಕೆಂಡಿಗೆ ಸುಮಾರು 25 ಮೆಗಾಬಿಟ್. ಅದನ್ನ ನೇರ ಓಡಿಸೋ ಟಿವಿ ಸಿಗೋದು ಕಷ್ಟ. ಜೆಲ್ಲಿಫಿನ್ (ಸರ್ವರಲ್ಲಿರೋ ವಿಡಿಯೋವನ್ನ ಟಿವಿಗೆ ಕಳಿಸೋ ಸಾಫ್ಟ್‌ವೇರ್) ಹಾಕಿದ್ರೆ ಸರ್ವರ್ರೇ ಆ ಕ್ಷಣಕ್ಕೆ ಬದಲಾಯಿಸಿ ಕಳಿಸ್ತದೆ ನಿಜ, ಆದ್ರೆ ಅಪ್ಪಯ್ಯ ನೋಡಿದಷ್ಟು ಸಲವೂ ಅದೇ ಕೆಲಸ ಮಾಡ್ಬೇಕು. ಅದರ ಬದಲು ಹ್ಯಾಂಡ್‌ಬ್ರೇಕ್ ಅನ್ನೋ ಸಾಫ್ಟ್‌ವೇರಲ್ಲಿ ಒಂದೇ ಸಲ, ಟಿವಿ ಓಡಿಸೋ ಎಚ್.264 ಫಾರ್ಮ್ಯಾಟಿಗೆ ಮಾಡಿಟ್ಟುಬಿಡಿ. ಮೂಲ ಫೈಲ್ ಮಾತ್ರ ಯಾವ ಕಾರಣಕ್ಕೂ ಅಳಿಸ್ಬೇಡಿ.

ಒಂದು ಮಾತು ನೆನಪಿರ್ಲಿ. ಆ ಕಾಲದ ಕ್ಯಾಮೆರಾ ಒಂದು ಚಿತ್ರವನ್ನ ಎರಡು ಅರ್ಧ ಮಾಡಿ, ಸೆಕೆಂಡಿಗೆ 50 ಅರ್ಧ ಬರೀತಿತ್ತು. ಹಾಗೇ ಬದಲಾಯಿಸಿದ್ರೆ ವೇಷಧಾರಿ ದಿಗಿಣ ಹೊಡೆಯುವಾಗ ಅಂಚೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಕಾಣ್ತದೆ. ಹ್ಯಾಂಡ್‌ಬ್ರೇಕಲ್ಲಿ ಅರ್ಧಗಳನ್ನ ಪೂರ್ತಿ ಚಿತ್ರ ಮಾಡೋ ಡಿಇಂಟರ್‌ಲೇಸ್ ಅಲ್ಲಿ 'ಬಿಡಬ್ಲ್ಯುಡಿಐಎಫ್' ತಗೊಂಡು, ಅದರಲ್ಲಿ 'ಬಾಬ್' ಆರಿಸಿ, ಸೆಕೆಂಡಿಗೆ 50 ಚಿತ್ರ ಬರೋ ಹಾಗೆ ಮಾಡಿ. 25 ಮಾಡಿದ್ರೆ ಕುಣಿತ ಕುಂಟ್ತದೆ. ನಾನು ನಮ್ಮೂರ ಆಟಕ್ಕೆ ಮೊದಲು 25 ಮಾಡಿ, ಆರು ಟೇಪು ಮತ್ತೆ ಮಾಡಿದ್ದೆ. ಗುಣಮಟ್ಟ 20ಕ್ಕೆ ಇಟ್ಟಾಗ ನನಗೆ ಗಂಟೆಗೆ 2 ಜಿಬಿ ಆಸುಪಾಸು ಬಂತು, ಅಂದ್ರೆ ಸೆಕೆಂಡಿಗೆ 5 ಮೆಗಾಬಿಟ್ಟೂ ಇಲ್ಲ.

ಈ ಕೆಲಸಕ್ಕೆ ನಿಮ್ಮ ಐ3 ಸಾಕು, ರಾತ್ರಿ ಹಚ್ಚಿ ಮಲಗಿ. ಆದ್ರೆ ದಿನದ 24 ಗಂಟೆ ಅದನ್ನೇ ಓಡಿಸ್ಬೇಡಿ. ನನ್ನ ಅಂಥದ್ದೇ ಡೆಸ್ಕ್‌ಟಾಪು ಸುಮ್ನೆ ಕೂತಾಗಲೇ 42 ವ್ಯಾಟ್ ಎಳೀತಿತ್ತು, ತಿಂಗಳಿಗೆ 30 ಯೂನಿಟ್. ಗೃಹಜ್ಯೋತಿಯ ಲೆಕ್ಕ ಅಲ್ಲಿಗೇ ತಪ್ಪೋಯ್ತು. ಈಗ ಇಂಟೆಲ್ ಎನ್100ರ ಮಿನಿ ಪಿಸಿ, ಒಂದು ಡಿಸ್ಕ್ ಸೇರಿ 14 ವ್ಯಾಟ್, 10 ಯೂನಿಟ್. ಡೆಬಿಯನ್ ಲಿನಕ್ಸ್, ಫೈಲ್ ಹಂಚೋಕೆ ಸಾಂಬಾ, ಜೆಲ್ಲಿಫಿನ್, ಅಷ್ಟೇ. ಡಿಸ್ಕಿನ ಫಾರ್ಮ್ಯಾಟನ್ನ ಎಕ್ಸ್‌ಫ್ಯಾಟ್ ಬಿಟ್ಟು ಇಎಕ್ಸ್‌ಟಿ4 ಮಾಡಿ. ಎಕ್ಸ್‌ಫ್ಯಾಟಿಗೆ ಜರ್ನಲ್ (ಮಾಡೋ ಬದಲಾವಣೆಯನ್ನ ಮೊದಲೇ ಗುರುತು ಹಾಕಿಡೋ ಲೆಕ್ಕ) ಇಲ್ಲ, ಬರೀತಿರುವಾಗ ಕರೆಂಟು ಹೋದ್ರೆ ನಿಮಗಾದ ಹಾಗೇ ಆಗ್ತದೆ.

ಪೈ ಬೇಡ. ಕೆಟ್ಟದ್ದಂತಲ್ಲ, ಡಿಸ್ಕಿಗೊಂದು ಅಡಾಪ್ಟರು ಪೈಗೊಂದು ಅಂತ ವೈರಿನ ಗೂಡಾಗ್ತದೆ. ಟಿವಿಗೆ ಲ್ಯಾನ್ ಕೇಬಲ್ ಎಳೀರಿ. ಜಂಬಿಟ್ಟಿಗೆ ಗೋಡೆ ಎರಡು ದಾಟೋದ್ರೊಳಗೆ 5 ಗಿಗಾಹರ್ಟ್ಸ್ ವೈಫೈ ಸತ್ತೋಗಿರ್ತದೆ.

ಭರಣಿಮಳೆ:

ಲ್ಯಾನ್ ಕೇಬಲ್ ಎಳೀಬೇಡಿ ಮಾರಾಯ್ರೆ! ನಮ್ಮದು ಕೊಪ್ಪ ಬದಿ. ನಾನು ಎಳೆದು ಕೆಟ್ಟವನು.

ನಂದು ಎರಡು ಡಿಸ್ಕಿನ ಪೆಟ್ಟಿಗೆ, ರೇಡ್ 1, ಒಂದು ಹೋದ್ರೆ ಇನ್ನೊಂದು ಇದೆ ಅಂತ ಧೈರ್ಯ. ಮೇ ಮೊದಲ ವಾರ ಸಂಜೆ ಸಿಡಿಲು ಬಡೀತು. ಮನೆಗಲ್ಲ, ಹಿತ್ತಲ ಹಲಸಿನ ಮರಕ್ಕೆ. ಕರೆಂಟಿನ ಪ್ಲಗ್ ಎಲ್ಲ ಕಿತ್ತಿಟ್ಟಿದ್ದೆ. ಆದ್ರೆ ಮಾಡಿನ ಮೇಲಿನ ಡಿಶ್ ವೈರು ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಟಿವಿಗೆ, ಟಿವಿಯಿಂದ ಲ್ಯಾನ್ ಕೇಬಲ್ ಪೆಟ್ಟಿಗೆಗೆ. ಆ ದಾರಿ ಹಿಡಿದು ಬಂದು ನಾಲ್ಕನ್ನೂ ಸುಟ್ಟು ಹೋಯ್ತು. ಎರಡೂ ಡಿಸ್ಕಿನ ಬೋರ್ಡ್ ಕರಕಲು. ಒಂದೇ ಪೆಟ್ಟಿಗೆಯಲ್ಲಿ ಎರಡಲ್ಲ, ನಾಲ್ಕು ಡಿಸ್ಕ್ ಇದ್ರೂ ಅವತ್ತು ಹೋಗ್ತಿತ್ತು. ಮಗಳ ನಾಮಕರಣದ ಫೋಟೋ ಈಗ ನೆಂಟರ ವಾಟ್ಸಾಪಲ್ಲಿ ಎಷ್ಟಿತ್ತೋ ಅಷ್ಟೇ.

ಹಾಗಾಗಿ ರೇಡಿನ ದುಡ್ಡಲ್ಲಿ ಎರಡನೇ ಡಿಸ್ಕ್ ತಗೊಂಡು ಬೇರೆ ಇಡಿ. ನನ್ನದು ತಿಂಗಳಿಗೊಮ್ಮೆ ಕಾಪಿ ಮಾಡಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಪ್ಪಳದ ಡಬ್ಬಿಗೆ ಹೋಗ್ತದೆ. ನಗ್ಬೇಡಿ. ಮಳೆಗಾಲದಲ್ಲಿ ಹಪ್ಪಳವೇ ಮೆತ್ತಗಾಗದ ಡಬ್ಬಿಯಲ್ಲಿ ಡಿಸ್ಕಿಗೆ ಎಂತ ಆಗ್ತದೆ? ಓಡ್ತಾ ಇರೋ ಡಿಸ್ಕಿಗೆ ಥಂಡಿ ಹಿಡಿಯಲ್ಲ, ತನ್ನ ಬಿಸಿಯಲ್ಲೇ ಒಣಗಿರ್ತದೆ. ಅದಕ್ಕೆ ಇರುವೆ ಮಾತ್ರ ನೋಡ್ಕೊಳ್ಳಿ, ಬೆಚ್ಚಗಿದ್ದಲ್ಲಿ ಮೊಟ್ಟೆ ತಂದು ಇಡ್ತವೆ.

ಟಿವಿಗೆ 5 ಮೆಗಾಬಿಟ್ ಸಾಕು ಅಂತ ಸಾಂಬಾ ಅವರೇ ಹೇಳಿದ್ದಾರಲ್ಲ, ಅಷ್ಟಕ್ಕೆ 2.4 ಗಿಗಾಹರ್ಟ್ಸ್ ವೈಫೈ ಆಗ್ತದೆ, ಅದು ಗೋಡೆ ಸ್ವಲ್ಪ ದಾಟ್ತದೆ. ತಂತಿಯೇ ಬೇಕಂದ್ರೆ ನಡುವೆ ಫೈಬರ್ ತುಂಡು ಹಾಕಿ, ಆ ತುದಿ ಈ ತುದಿಗೆ ಮೀಡಿಯಾ ಕನ್ವರ್ಟರ್ (ಲ್ಯಾನ್ ಸಿಗ್ನಲನ್ನ ಬೆಳಕು ಮಾಡೋ ಸಣ್ಣ ಪೆಟ್ಟಿಗೆ). ಗಾಜಿನಲ್ಲಿ ಸಿಡಿಲು ಹರಿಯಲ್ಲ.

ಸಾಗರದ_ಸಾಂಬಾ:

ಡಿಶ್ ವೈರಿನದ್ದು ನನಗೆ ಹೊಳೆದೇ ಇರಲಿಲ್ಲ. ನಮ್ಮನೆಯಲ್ಲೂ ಹಾಗೇ ಇದೆ. ಇವತ್ತೇ ಕೀಳ್ತೇನೆ.

ಬ್ಯಾಟರಿನೀರು:

ಇನ್ವರ್ಟರ್ ಇದ್ರೆ ಸಾಲಲ್ಲ. ಬ್ಯಾಟರಿ ಮುಗೀತು ಅಂತ ಅದು ಸರ್ವರಿಗೆ ಹೇಳಲ್ಲ, ಒಮ್ಮೆಲೇ ಕೈಬಿಡ್ತದೆ. ಮಳೆಗಾಲದಲ್ಲಿ ಎರಡು ದಿನ ಕರೆಂಟಿಲ್ಲದ್ದು ನಮಗೆ ಹೊಸದಾ? ಯುಎಸ್‌ಬಿ ತೂತಿರೋ ಸಣ್ಣ ಯುಪಿಎಸ್ ತಗೊಳ್ಳಿ, 'ನಟ್' ಅನ್ನೋ ಸಾಫ್ಟ್‌ವೇರ್ ಹಾಕಿ, ಬ್ಯಾಟರಿ ಇಳಿದಾಗ ಸರ್ವರ್ ತಾನೇ ಮಲಗ್ತದೆ. ಕರೆಂಟು ಬಂದಾಗ ತಾನೇ ಏಳೋಕೆ ಬಯಾಸಲ್ಲಿ (ಕಂಪ್ಯೂಟರ್ ಆನ್ ಆಗುವಾಗಿನ ಸೆಟ್ಟಿಂಗಲ್ಲಿ) ಆಯ್ಕೆ ಇದೆ. ಸರ್ವರ್ ಮಲಗಿದ ಮೇಲೂ ಯುಪಿಎಸ್ ಸಾಯೋದ್ರೊಳಗೆ ಕರೆಂಟು ಬಂದ್ರೆ ಕೆಲವು ಸಲ ಏಳಲ್ಲ. ಬಟನ್ ಯಾವುದು ಅಂತ ಮನೆಯವರಿಗೆ ತೋರಿಸಿಡಿ.

ತಂಗಿಗೆ: ರೂಟರಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ರೂಟರಿಗೆ ಕೊಟ್ಟ ವಿಳಾಸ) ನೋಡಿ. 100.64ರಿಂದ 100.127ರೊಳಗೆ ಶುರುವಾದ್ರೆ ಹೊರಗಿಂದ ನೇರ ಬರೋಕಾಗಲ್ಲ, ಪೋರ್ಟ್ ತೆರೆದೂ ಉಪಯೋಗಿಲ್ಲ. ದೂರದ ಸಾಧನಗಳನ್ನ ಒಂದೇ ಖಾಸಗಿ ನೆಟ್‌ವರ್ಕಿಗೆ ಸೇರಿಸೋ ಟೈಲ್‌ಸ್ಕೇಲ್ ಹಾಕಿ. ಆಂಡ್ರಾಯ್ಡ್ ಟಿವಿಗೂ ಅದರ ಆ್ಯಪ್ ಇದೆ.

ತುಂಗೆದಂಡೆ, ಐದು ವಾರದ ಮೇಲೆ:

ಎಲ್ಲರಿಗೂ ಋಣಿ. ಎನ್100 ಪೆಟ್ಟಿಗೆ ಉಪ್ಪರಿಗೆಯಲ್ಲಿ ರೂಟರ್ ಪಕ್ಕ ಕೂತಿದೆ, ಟಿವಿ 2.4ರಲ್ಲಿ. 36 ಟೇಪು ಬದಲಾಯಿಸೋಕೆ ಐ3ಗೆ ಹನ್ನೊಂದು ರಾತ್ರಿ ಬೇಕಾಯ್ತು. ಮೂವೀಸ್ ಲೈಬ್ರರಿಯಲ್ಲಿ ಹಾಕಿದ್ದಕ್ಕೆ ಜೆಲ್ಲಿಫಿನ್ ಒಂದು ಆಟಕ್ಕೆ ಯಾವುದೋ ಇಂಗ್ಲಿಷ್ ಸಿನಿಮಾದ ಪೋಸ್ಟರ್ ಅಂಟಿಸಿತ್ತು, ಕೋಟು ಹಾಕಿದವನೊಬ್ಬ ಪಿಸ್ತೂಲು ಹಿಡಿದು ನಿಂತಿದ್ದ. ಅಪ್ಪಯ್ಯ, "ಇವ ಯಾವ ಮೇಳದವ?" ಅಂತ ಕೇಳಿದ್ರು. ಹೊರಗಿನ ಮಾಹಿತಿ ತರಿಸೋದೆಲ್ಲ ಆಫ್ ಮಾಡಿ, ಫೈಲಿನ ಕೊನೆಗೆ ಪಾರ್ಟ್1, ಪಾರ್ಟ್2 ಅಂತ ಹೆಸರಿಟ್ಟು ಒಂದು ಆಟ ಒಂದು ಫೋಲ್ಡರ್ ಮಾಡಿದ್ಮೇಲೆ, ಒಂದರ ಹಿಂದೆ ಒಂದು ಓಡ್ತದೆ. ಎರಡನೇ ಡಿಸ್ಕನ್ನ ತಂಗಿ ಬೆಂಗಳೂರಿಗೆ ಒಯ್ದಳು.

ಬೂಷ್ಟು ಬಂದ ಎರಡು ಟೇಪನ್ನ ಸ್ಟುಡಿಯೋದವರು ಕ್ಯಾಮೆರಾ ಹೆಡ್ ಹಾಳಾಗ್ತದೆ ಅಂತ ಮುಟ್ಟಲ್ಲ ಅಂದ್ರು. ಅದು ಹಾಗೇ ಇದೆ.

ಇನ್ನೊಂದು: ಅಕ್ಕನ ಮದುವೆ ವಿಸಿಡಿ ಮೂರಿದೆ. ಡೆಬಿಯನಲ್ಲಿ ಕಾಪಿ ಮಾಡೋಕೆ ಹೋದ್ರೆ ಎರರ್ ಬರ್ತದೆ. ಡಿಸ್ಕ್ ಹಾಳಾ?

ಸಾಗರದ_ಸಾಂಬಾ:

ಹಾಳಲ್ಲ. ವಿಸಿಡಿಯಲ್ಲಿ ವಿಡಿಯೋ ಬರೆದಿರೋ ಕ್ರಮವೇ ಬೇರೆ, ಮಾಮೂಲಿ ಫೈಲಿನ ಹಾಗೆ ಓದೋಕೆ ಲಿನಕ್ಸಿಗೆ ಆಗಲ್ಲ. 'ವಿಸಿಡಿಇಮೇಜರ್' ಹಾಕಿ, ಅದರೊಳಗಿನ 'ವಿಸಿಡಿಎಕ್ಸ್‌ರಿಪ್' ಓಡಿಸಿ, ಎಂಪಿಇಜಿ ಫೈಲಾಗಿ ಬರ್ತದೆ. ಚಿತ್ರ 352×288 ಅಷ್ಟೇ, ದೊಡ್ಡ ಟಿವಿಯಲ್ಲಿ ಅಕ್ಕನ ಮುಖ ಮಸುಕು ಅಂತ ನನ್ನ ಬೈಯ್ಬೇಡಿ.